ಕರೆಯದೆ ಬರುವ ದಿನ

ಬೆಟ್ಟದ ಹವಾಮಾನ ಠಾಣೆ, ಸ್ತಾರಾ ಪ್ಲಾನಿನಾ
ಸೆಪ್ಟೆಂಬರ್ 11

‘ಗ್ರುಮೆನ್’ ಕಂಪ್ಯೂಟರ್ ಆಟದ ಆನ್‌ಲೈನ್ ಸಲಹೆ ಪೆಟ್ಟಿಗೆಗೆ

ಮಾನ್ಯ ಮೇಲ್ವಿಚಾರಕಿಯವರೇ,

ನಾನು ನಿಮ್ಮ ಆಟದ ಒಬ್ಬ ಸಾಮಾನ್ಯ ಆಟಗಾರ. ಹೆಂಟೆಯ ಮೇಲೆ ಹೆಂಟೆ ಪೇರಿಸಿ ಮನೆ, ಸೇತುವೆ, ಬೆಟ್ಟ ಏನು ಬೇಕಾದರೂ ಕಟ್ಟಬಹುದಾದ ಈ ಆಟವನ್ನು ಯಾರು ಬೇಕಾದರೂ ತಿದ್ದಬಹುದು, ತಮ್ಮದೊಂದು ಸೇರ್ಪಡೆ ಹಾಕಬಹುದು ಎಂದು ನಿಮ್ಮ ಮುಖಪುಟದಲ್ಲಿ ಈಗಲೂ ಇದೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಸಲಹೆ ಮಂಜಿನದು. ನಿಮ್ಮ ಆಟದಲ್ಲಿ ಮಂಜು ನಾಟಕದ ಪರದೆ ಇಳಿಬಿಟ್ಟ ಹಾಗೆ ಮೇಲಿನಿಂದ ದೊಪ್ಪನೆ ಬೀಳುತ್ತದೆ. ಮಂಜು ಹಾಗೆಲ್ಲ ಬರುವುದಿಲ್ಲ. ಅದು ಕಣಿವೆಯಿಂದ ಏರಿ ಬರುತ್ತದೆ. ಮೊದಲು ಕೆಳಗಿನ ಬೀಚ್ ಮರಗಳು ಹೋಗುತ್ತವೆ, ಆಮೇಲೆ ಕುರಿದೊಡ್ಡಿ, ಆಮೇಲೆ ನಮ್ಮ ಮಳೆ ಅಳೆಯುವ ಡಬ್ಬಿ, ಕೊನೆಗೆ ನಮ್ಮದೇ ಬೂಟು. ಮೂರು ಗಂಟೆಗೊಮ್ಮೆ ಹೊರಗೆ ಹೋಗಿ ಇದನ್ನೇ ನೋಡಿ ಬರೆದಿಡುವುದು ನನ್ನ ಹೊಟ್ಟೆಪಾಡು. ಹಾಗಾಗಿ ಇದೊಂದರಲ್ಲಿ ನನ್ನ ಮಾತು ನಂಬಬಹುದು. ಕೋಡನ್ನೂ ಬರೆದು ಕಳಿಸಿದ್ದೇನೆ. ಸರಿಬಾರದಿದ್ದರೆ ಬಿಸಾಡಿ.

ಇನ್ನೊಂದು. ಆಟದ ನಾಯಿಗಳು ಬಂದವರಿಗೆಲ್ಲ ಬೊಗಳುತ್ತವೆ. ಹಳೆಯ ಪರಿಚಯದವರಿಗೆ ಬೊಗಳಬಾರದು ಎಂದು ನನ್ನ ಅಭಿಪ್ರಾಯ.

ತಮ್ಮ ವಿಧೇಯ
ಗ್ರಾದಿಮಿರ್ ರಾಂಜೆಲೊವ್, ಆಟಗಾರ


ಕಿಕಿಂದಾ
ಸೆಪ್ಟೆಂಬರ್ 19

ಮಾನ್ಯ ಆಟಗಾರರೇ,

ಸಾಮಾನ್ಯ ಆಟಗಾರನಂತೆ! ಈ ಆಟದ ಮೊದಲ ಹೆಂಟೆಯನ್ನು ನನ್ನ ಅಡುಗೆಮನೆಯಲ್ಲಿ ಕೂತು, ನನ್ನ ಅತ್ತೆ ಸುಟ್ಟ ಗಸಗಸೆ ಸುರುಳಿ ತಿನ್ನುತ್ತಾ ಬರೆದವರು ಸಾಮಾನ್ಯ ಆಟಗಾರರಾದರೆ ನಾನು ಕಿಕಿಂದಾದ ಬಿಷಪ್ಪು. ಇರಲಿ. ನೀವು ‘ಮಾನ್ಯ’ ಎಂದಿರಿ, ನಾನೂ ‘ಮಾನ್ಯ’ ಎನ್ನುತ್ತೇನೆ. ಮರ್ಯಾದೆಗೆ ಮರ್ಯಾದೆ.

ಒಂದು ಪತ್ರಕ್ಕೆ ಒಂದೇ ಸಲಹೆ, ತಾರೀಖು ಹಾಕಿ ಸಹಿ ಮಾಡಿರಬೇಕು ಎಂಬ ನಿಯಮ ಮಾಡಿದವರು ತಾವೇ. ತಾವೇ ಮುರಿದಿದ್ದೀರಿ. ಆದ್ದರಿಂದ ಮಂಜು ಒಪ್ಪಿಗೆಯಾಗಿದೆ, ನಾಯಿ ಆಗಿಲ್ಲ.

ನಿಮ್ಮ ಕೋಡನ್ನು ನನ್ನ ಮಗಳು ಸ್ಮಿಲ್ಯಾ ಓದಿದಳು. ಹೆಸರು ಮುಚ್ಚಿಟ್ಟು ಕೊಟ್ಟಿದ್ದೆ. ಎರಡು ಸಾಲು ಓದಿ, “ಅಮ್ಮಾ, ಇದು ಕೂಮ್ ಗ್ರಾದಾಂದೇ! ಕೋಡಿನ ಮಧ್ಯ ಮಧ್ಯ ಹವಾಮಾನ ಇಲಾಖೆಗೆ ಬೈಯೋರು ಲೋಕದಲ್ಲಿ ಇನ್ಯಾರಿದ್ದಾರೆ?” ಎಂದಳು. ಅವಳ ದೀಕ್ಷಾಸ್ನಾನಕ್ಕೆ ಕೂಮ್ ಆಗಿ ನಿಂತು ಆ ಹೆಸರಿಟ್ಟವರು ನೀವು. ಮರೆತಿಲ್ಲ ತಾನೇ? ಝಿವಾ ಸೋಫಾದ ಮೇಲೆ ಮಲಗಿದ್ದವರು, “ಯಾರ್ದೇ ಕಾಗದ?” ಎಂದು ಕೇಳಿದರು. “ಯಾರೋ ಆಟಗಾರ” ಎಂದೆ. “ಯಾರೋ ಆಟಗಾರನ ಕಾಗದಕ್ಕೆ ಯಾಕೆ ಕನ್ನಡಕ ಒರೆಸ್ಕೊಳ್ತಾ ಇದ್ದೀಯ?” ಎಂದರು. ನನ್ನ ಗಂಡನಿಗೆ ಇಂಥವೆಲ್ಲ ಮಾತ್ರ ಕಾಣಿಸುತ್ತವೆ, ಸೋರುವ ನಲ್ಲಿ ಕಾಣಿಸುವುದಿಲ್ಲ.

ನಿಮ್ಮ ಮಾಹಿತಿಗೆ: ಹೊಸ ಆವೃತ್ತಿ ಡಿಸೆಂಬರ್ ಒಂದಕ್ಕೆ ಬರುತ್ತದೆ. ಆಮೇಲೆ ಪ್ರತಿ ಮನೆಯ ಹೆಬ್ಬಾಗಿಲಿಗೂ ಬೀಗ. ಮನೆಯವರು ಆಹ್ವಾನ ಕಳಿಸಿದವರು ಬರಬಹುದು, ಇಲ್ಲವೇ ಬರುವವರು ಕೇಳಿ ಒಪ್ಪಿಗೆ ಪಡೆಯಬಹುದು. ಇದು ನಿಮಗೆ ಗೊತ್ತಿರುವುದೇ. ಹೋದ ವರ್ಷ ನೀವು ತಂಡ ಬಿಟ್ಟು ಎದ್ದುಹೋದದ್ದೇ ಇದಕ್ಕೆ.

ವಿದೋಸಾವಾ ತೆರ್ಝಿನ್
ಮೇಲ್ವಿಚಾರಕಿ


ಸ್ತಾರಾ ಪ್ಲಾನಿನಾ
ಅಕ್ಟೋಬರ್ 6

ಮಾನ್ಯ ಮೇಲ್ವಿಚಾರಕಿಯವರೇ,

ಈ ಸಲ ಒಂದೇ ಸಲಹೆ.

ಬೀಗ ಹಾಕಿಕೊಳ್ಳಿ, ನಾನು ಮತ್ತೆ ಜಗಳಕ್ಕೆ ಬರುವುದಿಲ್ಲ. ಆದರೆ ವರ್ಷಕ್ಕೆ ಒಂದು ದಿನ, ಮನೆಯವರು ಆರಿಸಿದ ದಿನ, ಬಾಗಿಲು ತಾನಾಗಿ ತೆರೆದಿರಲಿ. ಆಹ್ವಾನವೂ ಬೇಡ, ಕೇಳುವುದೂ ಬೇಡ.

ಯಾಕೆಂದು ನಿಮಗೆ ಹೇಳಬೇಕಾಗಿಲ್ಲ. ತಂಡದ ಹೊರದೇಶದವರಿಗೆ ಓದಿ ಹೇಳುವಿರೆಂದು ಬಿಡಿಸಿ ಬರೆಯುತ್ತೇನೆ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಕಾಯುವ ಸಂತನೊಬ್ಬ ಇರುತ್ತಾನೆ. ಅವನ ದಿನ ಆ ಮನೆಯ ಸ್ಲಾವಾ. ಮೇಣದ ಬತ್ತಿ ಹಚ್ಚಿ, ರೊಟ್ಟಿ ಮುರಿದು, ಬಂದವರಿಗೆಲ್ಲ ಊಟ ಹಾಕುತ್ತಾರೆ. ಮದುವೆಗೆ ಕರೆಯುತ್ತಾರೆ, ನಾಮಕರಣಕ್ಕೆ ಕರೆಯುತ್ತಾರೆ, ಸ್ಲಾವಾಕ್ಕೆ ಮಾತ್ರ ಯಾರೂ ಯಾರನ್ನೂ ಕರೆಯುವುದಿಲ್ಲ. ಒಂದು ಸಲ ಬಂದವನು ಪ್ರತಿ ವರ್ಷ ತಾನಾಗಿ ಬರುತ್ತಾನೆ. ಅವನ ತಟ್ಟೆ ಅಲ್ಲಿ ಇದ್ದೇ ಇರುತ್ತದೆ.

ಈಗ ಒಬ್ಬ ಆಟಗಾರನ ಉದಾಹರಣೆ. ಅವನ ಕೂಮ್ ಮನೆಯಲ್ಲಿ ಸಂತ ನಿಕೊಲಾನ ಸ್ಲಾವಾ, ಡಿಸೆಂಬರ್ ಹತ್ತೊಂಬತ್ತು. ಅವನ ಜತೆ ಬೆಟ್ಟದ ಮೇಲೆ ಕೆಲಸ ಮಾಡುವ ವುಕೋಮನ್‌ಗೂ ಅದೇ ಸಂತ, ಅದೇ ದಿನ. ವುಕೋಮನ್‌ಗೆ ನಾಲ್ಕು ಮಕ್ಕಳು. ಆದ್ದರಿಂದ ಪ್ರತಿ ವರ್ಷ ವುಕೋಮನ್ ಕೆಳಗಿಳಿಯುತ್ತಾನೆ, ಈ ಆಟಗಾರ ಮೇಲೆ ಉಪಕರಣಗಳ ಜತೆ ಉಳಿಯುತ್ತಾನೆ. ಅವನಿಗೆ ಆ ಮನೆಯ ಮೇಜಿಗೆ ಹೋಗಲು ಇದ್ದದ್ದು ಒಂದೇ ದಾರಿ, ಈ ಆಟ. ಅಲ್ಲಿ ಕೂಮ್ ಮನೆಯವರು ಹೆಂಟೆಯ ಮನೆಯಲ್ಲಿ ಹೆಂಟೆಯ ರೊಟ್ಟಿ ಇಟ್ಟು, ಹೆಂಟೆಯ ಬತ್ತಿ ಹಚ್ಚುತ್ತಿದ್ದರು. ಅವನು ಇಲ್ಲಿ ಸಾರ್ಡೀನ್ ಡಬ್ಬಿ ತೆರೆದುಕೊಂಡು ಅಲ್ಲಿಗೆ ಹೋಗುತ್ತಿದ್ದ.

ಅವನಂಥವರು ಇನ್ನೂ ಇರಬಹುದು. ದಯವಿಟ್ಟು ಯೋಚಿಸಿ.

ಗ್ರಾದಿಮಿರ್ ರಾಂಜೆಲೊವ್


ಕಿಕಿಂದಾ
ಅಕ್ಟೋಬರ್ 21

ಮಾನ್ಯರೇ,

ಸಲಹೆ ತಂಡದ ಮುಂದೆ ಹೋಯಿತು, ಬಿದ್ದಿತು. ನಾನು ನಿಮ್ಮ ಕಡೆ ಕೈ ಎತ್ತಿದೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.

ಒಂದು ದಿನ ತೆರೆದಿಟ್ಟರೆ ಆ ದಿನಕ್ಕೇ ಕಾದು ಬರುತ್ತಾರೆ ಹಾಳುಮಾಡುವವರು. ನೋವಿ ಬೆಚೇಯ್‌ನ ಶಾಲೆಯ ಮಕ್ಕಳು ಇಡೀ ವರ್ಷ ಕೂತು ಕಟ್ಟಿದ ಪಟ್ಟಣ ನೆನಪಿದೆಯೇ? ಕಾಲುವೆ, ದೋಣಿ, ಗಂಟೆಗೋಪುರ, ಬೇಕರಿಯಲ್ಲಿ ಒಂದೊಂದು ಬನ್ನಿಗೂ ಬೇರೆ ಬಣ್ಣ. ಯಾವನೋ ಪುಣ್ಯಾತ್ಮ ಬಂದು ಬೆಂಕಿಯ ಕೆಸರು ಸುರಿದುಹೋದ. ಅವರ ಟೀಚರ್ ನನಗೆ ಫೋನ್ ಮಾಡಿದಾಗ ಹಿಂದಿನಿಂದ ಮಕ್ಕಳ ಅಳು ಕೇಳಿಸುತ್ತಿತ್ತು. ಆವತ್ತು ನೀವು ಏನೆಂದಿರಿ? “ಮಕ್ಕಳು ತಾನೇ, ಮತ್ತೆ ಕಟ್ತಾರೆ ಬಿಡು” ಎಂದಿರಿ. “ಬೀಗ ಹಾಕಿದ ಆಟ ನಂದಲ್ಲ” ಎಂದಿರಿ. ಬೆಟ್ಟದ ಮೇಲೆ ನೆರೆಹೊರೆ ಇಲ್ಲದೆ ಬದುಕುವವರಿಗೆ ಬಾಗಿಲು ತೆರೆದಿಡುವುದು ಸುಲಭ ಎಂದು ನಾನೂ ಅಂದೆ. ಅಂದದ್ದು ಹೌದು. ಆಮೇಲೆ ನೀವು ಫೋನ್ ಇಟ್ಟಿರಿ. ಇಟ್ಟದ್ದು ಇಟ್ಟೇ ಇದೆ.

ನಿಮ್ಮ ಆ ಆಟಗಾರನಿಗೆ ಹೇಳಿ. ‘ಒಳಗೆ ಬರಲೇ’ ಎಂಬ ಬಟನ್ ಒತ್ತಿದರೆ ಸಾಕು. ಮನೆಯವರು ಒಪ್ಪಿಗೆ ಕೊಡುವುದಕ್ಕೆ ಕಾದೇ ಕೂತಿರುತ್ತಾರೆ. ಮೂರು ಗಂಟೆಗೊಮ್ಮೆ ಬಿರುಗಾಳಿಗೆ ಹೋಗಿ ಬರುವವನಿಗೆ ಒಂದು ಬಟನ್ ಭಾರವೇ?

ವಿದೋಸಾವಾ ತೆರ್ಝಿನ್


ಸ್ತಾರಾ ಪ್ಲಾನಿನಾ
ನವೆಂಬರ್ 3

ಮೇಲ್ವಿಚಾರಕಿಯವರೇ,

ಭಾರವೇ. ‘ಬರಲೇ’ ಎಂದು ಕೇಳುವವನು ಹೊರಗಿನವನು. ಕೇಳಿಕೊಂಡು ಸ್ಲಾವಾಕ್ಕೆ ಹೋದವರು ನಮ್ಮ ವಂಶದಲ್ಲಿ ಯಾರೂ ಇಲ್ಲ, ನಾನೂ ಶುರುಮಾಡುವುದಿಲ್ಲ. ನಾನು ಝಿವಾನ ಮದುವೆಗೆ ಸಾಕ್ಷಿ ನಿಂತವನು. ಅವನ ಮಗಳನ್ನು ಕೈಯಲ್ಲಿ ಎತ್ತಿಕೊಂಡು ದೀಕ್ಷಾಸ್ನಾನ ಮಾಡಿಸಿದವನು. ಕೂಮ್ ಅಂದರೆ ಅಂಗಿಯ ಗುಂಡಿಯಲ್ಲ ಎಂದು ನಿಮ್ಮ ಅತ್ತೆಯೇ ಹೇಳುತ್ತಿದ್ದರು. ಗುಂಡಿ ಕಿತ್ತುಹೋದರೆ ಇನ್ನೊಂದು ಹೊಲಿಯಬಹುದು.

ವುಕೋಮನ್‌ಗೆ ವಿಷಯ ಹೇಳಿದೆ. ಹೇಳಬಾರದಿತ್ತು. ಬಿದ್ದು ಬಿದ್ದು ನಕ್ಕ. “ಅಲ್ಲಯ್ಯಾ, ಅವಳು ಕರೆಯೋ ಹಾಗಿಲ್ಲ, ನೀನು ಕೇಳೋ ಹಾಗಿಲ್ಲ. ಮತ್ತೆ ಬಾಗಿಲು ತೆಗೆಯೋರು ಯಾರು, ಸಂತ ನಿಕೊಲಾನೇ ಬರಬೇಕಾ? ಅವನಿಗೆ ಆವತ್ತು ನಮ್ಮನೇಲೂ ಕೆಲಸ ಇರುತ್ತೆ, ನೋಡು!” ಎಂದ. ಒಂದು ವಾರದಿಂದ ನಾನು ಬಾಗಿಲ ಹತ್ತಿರ ಹೋದಾಗಲೆಲ್ಲ, “ಒಳಗೆ ಬರಲೇ, ಮಾನ್ಯರೇ?” ಎಂದು ರೇಗಿಸುತ್ತಾನೆ. ಒಂದು ದಿನ ಅವನನ್ನು ಹಿಮದಲ್ಲಿ ಹೂತು ಬರುತ್ತೇನೆ.

ಇನ್ನು ಸಲಹೆ ಕಳಿಸುವುದಿಲ್ಲ.

ಗ್ರಾದಿಮಿರ್


ಕಿಕಿಂದಾ
ನವೆಂಬರ್ 25

ಗ್ರಾದಾ,

ಸಾಕು ಈ ಮಾನ್ಯ, ಮಾನ್ಯರೇ. ನನಗೆ ನಾಲಿಗೆ ಕೆಟ್ಟುಹೋಗಿದೆ.

ನೀನು ಇನ್ನು ಬರೆಯುವುದಿಲ್ಲ ಎಂದಮೇಲೂ ನಾನು ದಿನಾ ಬೆಳಿಗ್ಗೆ ಪೆಟ್ಟಿಗೆ ತೆರೆಯುತ್ತೇನೆ. ಬಂದಿರುತ್ತವೆ ಕಾಗದಗಳು. ಹಂದಿಗೆ ರೆಕ್ಕೆ ಬೇಕಂತೆ. ಚಂದ್ರ ಚೌಕವಾಗಿದ್ದಾನೆ, ದುಂಡಗೆ ಮಾಡಬೇಕಂತೆ. ಮೀನಿನ ಮೇಲೆ ಸವಾರಿ ಮಾಡಬೇಕಂತೆ. ಎಲ್ಲಕ್ಕೂ ಉತ್ತರ ಬರೆಯುತ್ತೇನೆ. ಕೊನೆಯದನ್ನೂ ನೋಡಿ, ನಿನ್ನದಿಲ್ಲ ಎಂದಾದಮೇಲೆ ಎದ್ದು ಕಾಫಿ ಕಾಯಿಸುತ್ತೇನೆ.

ನನ್ನ ತಪ್ಪು ಯಾವುದು ಗೊತ್ತೇ? ಬೀಗ ಹಾಕಿದ್ದಲ್ಲ. ಅದಕ್ಕೆ ನಾನು ಇವತ್ತೂ ತಲೆಬಾಗುವುದಿಲ್ಲ, ಆ ಮಕ್ಕಳ ಅಳು ನೀನು ಕೇಳಿಲ್ಲ. ಆದರೆ ‘ಆಹ್ವಾನ ಬೇಕು, ಇಲ್ಲವೇ ಕೇಳಬೇಕು’ ಎಂದು ನಾನೇ ಕೂತು ಬರೆದಾಗ ನನಗೆ ನನ್ನ ಮನೆಯ ಸ್ಲಾವಾವೇ ನೆನಪಾಗಲಿಲ್ಲ! ಫಿನ್‌ಲ್ಯಾಂಡಿನವನು ಭೇಷ್ ಎಂದ, ಪೋರ್ಚುಗಲ್ಲಿನವಳು ಭೇಷ್ ಎಂದಳು. ಅವರಿಗೇನು ಗೊತ್ತು. ನೀನು ಹೋದಮೇಲೆ ತಂಡದಲ್ಲಿದ್ದ ಸರ್ಬಿಯಾದವಳು ನಾನೊಬ್ಬಳೇ, ನಾನೂ ಭೇಷ್ ಎಂದೆ. ಈಗ ತಲೆ ಚಚ್ಚಿಕೊಳ್ಳುತ್ತಿದ್ದೇನೆ.

ಹೋದ ಭಾನುವಾರ ನಾಚಿಕೆ ಬಿಟ್ಟು, ಕರೆದೇಬಿಡೋಣ ಎಂದು ಕೂತೆ. ಪಟ್ಟಿಯಲ್ಲಿ ನಿನ್ನ ಹೆಸರು ಹುಡುಕಿದೆ. ‘ನಿಮ್ಮನ್ನು ಆಹ್ವಾನಿಸಲಾಗಿದೆ’ ಎಂಬ ಸಾಲು ಬಂತು. ಹಿಂದೆಯೇ ಅತ್ತೆ ಲ್ಯುಬಿಂಕಾ ನಿಂತಿದ್ದಾರೆ, ಕೈಯಲ್ಲಿ ಲಟ್ಟಣಿಗೆ. ಕಣ್ಣು ಮಂಜಾಗಿದೆ ಎನ್ನುತ್ತಾರೆ, ಇಂಥದೆಲ್ಲ ಚೆನ್ನಾಗಿ ಓದುತ್ತಾರೆ.

“ಯಾರಿಗದು?”

“ಗ್ರಾದಾಗೆ, ಅತ್ತೆ.”

“ಕೂಮ್‌ಗೆ ಸ್ಲಾವಾಕ್ಕೆ ಕರೆಯೋಲೆನಾ? ನಿನ್ನ ತಲೆ ನೆಟ್ಟಗಿದೆಯೇನೇ? ನಾಳೆ ನಿನ್ನ ಗಂಡನಿಗೂ ಮನೆಗೆ ಬನ್ನಿ ಅಂತ ಓಲೆ ಕಳಿಸ್ತೀಯಾ?”

“ಅವನು ಬರೋದು ಬೇಡ್ವಾ ಹಾಗಾದ್ರೆ?”

“ಬರಲಿ. ಕರೆಸ್ಕೊಂಡು ಬರೋದು ಬೇಡ. ಕರೆದ್ರೆ ಬಂದಾನು, ಆದ್ರೆ ಬಂದವನು ನಮ್ಮ ಕೂಮ್ ಆಗಿರಲ್ಲ, ನೆಂಟ ಆಗಿರ್ತಾನೆ.”

ಮುದುಕಿ ಹೇಳಿದ್ದು ಸುಳ್ಳಲ್ಲ. ಬೆರಳು ತೆಗೆದುಬಿಟ್ಟೆ. ಬಿಸಿ ತುಪ್ಪ ಬಾಯಿಗೆ ಹಾಕಿಕೊಂಡ ಹಾಗಾಗಿದೆ, ನುಂಗುವುದಕ್ಕೂ ಇಲ್ಲ, ಉಗುಳುವುದಕ್ಕೂ ಇಲ್ಲ.

ಸೇರ್ಪಡೆ ಬರೆದು ಬೀಗ ಬಿಚ್ಚೋಣವೆಂದರೆ ಅದೂ ಆಗದು. ಬೀಗಕ್ಕೆ ಯಾವ ಸೇರ್ಪಡೆಯೂ ಕೈಹಾಕದಂತೆ ಮಾಡಿದವಳೂ ನಾನೇ. ಜಾಣೆ!

ಹೋದ ವರ್ಷ ಹೆಬ್ಬಾಗಿಲು ತೆರೆದೇ ಇತ್ತು ಗ್ರಾದಾ. ನೀನು ಬರಲಿಲ್ಲ. ಅಡುಗೆಮನೆಯಲ್ಲಿ ಮೀನು ಕರಿಯುವುದು, ಓಡಿಬಂದು ಸ್ಕ್ರೀನ್ ನೋಡುವುದು, ಮತ್ತೆ ಓಡುವುದು. ಎರಡು ಬಾಣಲೆ ಕಾರ್ಪ್ ಸೀದುಹೋಯಿತು. ನೆಂಟರೆಲ್ಲ ಹೋದಮೇಲೆ ಝಿವಾ ತಾವೇ ಬಂದು ಕಂಪ್ಯೂಟರ್ ಆರಿಸಿದರು. ಅವರಿಗೆ ನೀನಿಲ್ಲದೆ ಕುಡಿಯುವುದಕ್ಕೂ ಬರುವುದಿಲ್ಲ, ಜಗಳಕ್ಕೂ ಬರುವುದಿಲ್ಲ.

ನೀನು ಬೇಕು ಕಣೋ. ಆ ಮೇಜಿಗೆ ಬೇಕು. ಇದಕ್ಕಿಂತ ಬಿಡಿಸಿ ಬರೆಯಲು ನನಗೆ ಬಾರದು.

ವಿದಾ


ಸ್ತಾರಾ ಪ್ಲಾನಿನಾ
ಡಿಸೆಂಬರ್ 4

ವಿದಾ,

ಹೊಸ ಆವೃತ್ತಿ ಬಂತು. ಮಂಜು ಸರಿಯಾಗಿ ಏರುತ್ತಿದೆ, ಸಂತೋಷ.

ನಿಮ್ಮ ಮನೆಯವರೆಗೆ ಹೋಗಿದ್ದೆ. ಹೆಬ್ಬಾಗಿಲಿನ ಮೇಲೆ, ‘ನಿಮಗೆ ಆಹ್ವಾನವಿಲ್ಲ. ಕೇಳುವಿರಾ?’ ಎಂದಿತ್ತು. ಕೆಳಗೆ ಎರಡು ಬಟನ್. ನಾನು ಬಟನ್ ನೋಡಲಿಲ್ಲ, ಗೋಡೆ ನೋಡುತ್ತಿದ್ದೆ. ಸ್ಮಿಲ್ಯಾ ಚಿಕ್ಕವಳಿದ್ದಾಗ ನಾವು ಮೂವರೂ ಸೇರಿ ಕಟ್ಟಿದ್ದು. ಅವಳು ಹಟ ಹಿಡಿದು ಹಳದಿ ಹೆಂಟೆ ಸೇರಿಸಿದ ಕಡೆ ಈಗಲೂ ಹಳದಿ. ಗೋಡೆಯ ಮೇಲುಗಡೆ ನಿಮ್ಮ ಚಿಮಣಿಯ ಹೊಗೆ ಕಾಣುತ್ತಿತ್ತು. ಉಪಕರಣ ನೋಡುವ ಹೊತ್ತಾಗುವವರೆಗೂ ಅಲ್ಲೇ ನಿಂತಿದ್ದೆ. ಆಮೇಲೆ ಬೂಟು ಹಾಕಿಕೊಂಡು ಹೊರಗೆ ಹೋದೆ.

ಕೇಳಲಾರೆ ವಿದಾ. ಬಿಗುಮಾನ ಎನ್ನು, ಹುಚ್ಚು ಎನ್ನು. ನಿನ್ನ ಅತ್ತೆ ಹೇಳಿದ್ದು ನನಗೆ ಅರ್ಥವಾಗುತ್ತದೆ. ನೆಂಟನಾಗಿ ಬರುವುದಾದರೆ ಬೇಡ.

ಆದರೆ ಬರಬೇಕೆನ್ನಿಸುತ್ತದೆ. ಹೋದ ವರ್ಷ ಇಲ್ಲಿ ಒಬ್ಬನೇ ಸಾರ್ಡೀನ್ ಡಬ್ಬಿ ತೆರೆದೆ, ತಿನ್ನದೆ ಹಾಗೇ ಮುಚ್ಚಿಟ್ಟೆ. ನಿನಗೆ ಹೇಳಿರಲಿಲ್ಲ.

ಗ್ರಾದಾ


ಕಿಕಿಂದಾ
ಡಿಸೆಂಬರ್ 17

ಗ್ರಾದಾ,

ಇದು ಆಹ್ವಾನವಲ್ಲ. ಮೊದಲೇ ಹೇಳಿಬಿಡುತ್ತೇನೆ. ಊರಿನ ಸುದ್ದಿ ಬರೆಯುತ್ತಿದ್ದೇನೆ, ಅಷ್ಟೆ.

ನಿನ್ನ ಕಾಗದ ಬಂದ ದಿನದಿಂದ ಯೋಚಿಸುತ್ತಿದ್ದೆ. ಬೀಗ ಇರುವುದು ಹೆಬ್ಬಾಗಿಲಿಗೆ. ಹೆಬ್ಬಾಗಿಲು ನಿಲ್ಲಬೇಕಾದರೆ ಸುತ್ತ ಗೋಡೆ ಬೇಕು. ಗೋಡೆ ಸುತ್ತಿದ ಜಾಗವನ್ನಷ್ಟೇ ಆಟ ‘ಮನೆ’ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಗೋಡೆಯೇ ಇಲ್ಲದಿದ್ದರೆ ಅದು ಬರೀ ಬಯಲು, ಬಯಲಿಗೆ ಬೀಗವಿಲ್ಲ.

ಕೆಡವಿಬಿಟ್ಟೆ.

ಹೊರಗೋಡೆ ಒಂದೇ ಸಾಲದು, ಒಳಗೋಡೆಯೂ ಗೋಡೆಯೇ ಎಂದಿತು ಆ ನನ್ನದೇ ಕೋಡು. ಹಾಗಾಗಿ ಮಲಗುವ ಕೋಣೆ ಹೋಯಿತು, ಒಲೆಮನೆ ಹೋಯಿತು, ಆಮೇಲೆ ಮಾಡು ಹೋಯಿತು. ಒಂದೇ ಸಲ ಅಳಿಸುವ ಸಲಕರಣೆ ನನ್ನ ಹತ್ತಿರ ಇದೆ, ಮನಸ್ಸು ಬರಲಿಲ್ಲ. ಒಂದೊಂದೇ ಹೆಂಟೆ ಕೈಯಾರೆ ತೆಗೆದೆ. ನೀನು ಸೊಟ್ಟಗೆ ಕಟ್ಟಿ, ಸೊಟ್ಟಗಿಲ್ಲ ಎಂದು ಹತ್ತು ವರ್ಷ ವಾದಿಸಿದ ಆ ಮೂಲೆಯೂ ಬಂತು. ಸೊಟ್ಟಗೇ ಇತ್ತು ಗ್ರಾದಾ. ಹಳದಿ ಹೆಂಟೆಗಳನ್ನು ಸ್ಮಿಲ್ಯಾ ತಾನೇ ತೆಗೆಯುತ್ತೇನೆಂದು ಕೂತಳು. ತೆಗೆಯುವಾಗ ಇಬ್ಬರೂ ಅತ್ತೆವು.

ಝಿವಾ ಬಂದು ನೋಡಿ, “ಮನೆ ಎಲ್ಲಿ ಹೋಯ್ತೇ?” ಎಂದರು. ಹೇಳಿದೆ. “ಇನ್ನು ಬೀದೀಲಿ ಹೋಗೋರೆಲ್ಲ ನುಗ್ತಾರಲ್ಲೇ” ಎಂದರು. “ನುಗ್ಲಿ” ಎಂದೆ. ಆಮೇಲೆ, “ಸ್ಲಾವಾಕ್ಕೆ ಬಂದವರನ್ನ ಯಾವನು ಹೊರಗೆ ಹಾಕ್ತಾನೆ. ಇನ್ನೊಂದು ನಾಲ್ಕು ರೊಟ್ಟಿ ಇಡು” ಎಂದರು. ಅತ್ತೆ ಎದ್ದುಹೋಗಿ ಸ್ಲಾವಾಕ್ಕೆಂದು ಬೇಯಿಸಿದ ಗೋಧಿಗೆ ಸಕ್ಕರೆ ಬೆರೆಸತೊಡಗಿದರು. ಹಾಡು ಗುನುಗುತ್ತಿದ್ದರು.

ಈಗ ಅಲ್ಲಿರುವುದು ಹುಲ್ಲು, ಒಂದು ಮೇಜು, ಮೇಲೆ ಬತ್ತಿ, ರೊಟ್ಟಿ. ದೂರದಿಂದಲೇ ಕಾಣುತ್ತದೆ.

ಮತ್ತೆ ಹೇಳುತ್ತೇನೆ, ನಾನು ಯಾರನ್ನೂ ಕರೆದಿಲ್ಲ.

ವಿದಾ


ಸ್ತಾರಾ ಪ್ಲಾನಿನಾ
ಡಿಸೆಂಬರ್ 20, ಬೆಳಿಗ್ಗೆ

ವಿದಾ, ಝಿವಾ, ಸ್ಮಿಲ್ಯಾ, ಲ್ಯುಬಿಂಕಾ ಅಜ್ಜಿ,

ನಿನ್ನೆ ಬಂದಿದ್ದೆ. ನೀವೂ ನೋಡಿದಿರಿ, ಆದರೂ ಬರೆಯಬೇಕೆನ್ನಿಸುತ್ತಿದೆ.

ಆಟದ ಗುಡ್ಡ ಇಳಿಯುವಾಗಲೇ ಬತ್ತಿ ಕಂಡಿತು. ಮನೆ ಇದ್ದ ಜಾಗ ನೋಡಿ ಅಲ್ಲೇ ನಿಂತೆ. ಓದಿ ತಿಳಿದಿದ್ದರೂ ಕಣ್ಣಾರೆ ನೋಡುವುದು ಬೇರೆ. ಇಷ್ಟು ಮಾಡಿದೆಯಲ್ಲ ವಿದಾ, ಒಬ್ಬ ಮೊಂಡನಿಗೋಸ್ಕರ! ಅಷ್ಟು ವರ್ಷದ ಮನೆ. ಮೇಜಿನವರೆಗೆ ನಡೆಯುವಾಗ ಎಲ್ಲೂ ಏನೂ ನನ್ನನ್ನು ತಡೆಯಲಿಲ್ಲ, ಏನೂ ಕೇಳಲಿಲ್ಲ. ‘ಸ್ಲಾವಾ ಶುಭವಾಗಲಿ, ಮನೆಯೊಡೆಯಾ’ ಎಂದು ಬರೆದೆ. ಝಿವಾ, ನೀನು ಒಂದೇ ಒಂದು ಸಾಲು ಬರೆದೆ: ‘ಎಲ್ಲಿ ಹಾಳಾಗಿ ಹೋಗಿದ್ಯೋ ಕತ್ತೆ, ಮೀನು ಆರಿಹೋಯ್ತು.’ ನಾನು ಇಲ್ಲಿ ಒಬ್ಬನೇ ಜೋರಾಗಿ ಅತ್ತೆ. ಯಾರಿಗೂ ಕೇಳಿಸಲಿಲ್ಲ, ಇಲ್ಲಿ ಕೇಳುವವರಿಲ್ಲ.

ಆ ಪೋರ್ಚುಗಲ್ಲಿನ ಹೆಂಗಸೂ ಬಂದಳಲ್ಲ. ಏನು ನಡೆಯುತ್ತಿದೆ ಎಂದೇ ತಿಳಿಯದೆ, ಬರಿಗೈಯಲ್ಲಿ ಬರಬಾರದೆಂದು ಮೇಜಿನ ಮೇಲೊಂದು ಕುಂಬಳಕಾಯಿ ಇಟ್ಟು ಹೋದಳು. ಗುರುತಿಲ್ಲದವರು ಎಷ್ಟೋ ಜನ ಬಂದರು. ಯಾರೂ ಏನೂ ಕೆಡಿಸಲಿಲ್ಲ. ಒಬ್ಬ ಬತ್ತಿ ಕಿತ್ತುಕೊಂಡು ಓಡಿದ, ಸ್ಮಿಲ್ಯಾ ಅಟ್ಟಿಸಿಕೊಂಡು ಹೋಗಿ ತಂದಳು. ಬೀಗದ ವಿಷಯದಲ್ಲಿ ಸ್ವಲ್ಪ ನೀನೂ ಸರಿ ಇರಬಹುದು.

ಈಗ ಸಲಹೆ. ಒಂದೇ.

ಸ್ಲಾವಾದ ದಿನ ನಿಂತಿರಬೇಕಾದವನು ಮನೆಯೊಡೆಯ. ಅವನು ಕೂರುವ ಹಾಗಿಲ್ಲ, ಬಂದವರಿಗೆ ಬಡಿಸಬೇಕು. ಕೂರಬೇಕಾದವನು ಬಂದವನು. ನಿಮ್ಮ ಆಟದಲ್ಲಿ ಮನುಷ್ಯರಿಗೆ ಕೂರಲು ಬರುವುದಿಲ್ಲ. ಅಷ್ಟು ವರ್ಷ ಬಂದೆ, ಅಷ್ಟು ವರ್ಷವೂ ಗೂಟದ ಹಾಗೆ ನಿಂತೇ ಇದ್ದೆ, ನನಗೆ ಹೊಳೆದೇ ಇರಲಿಲ್ಲ. ನಿನ್ನೆ ಝಿವಾನ ಪಕ್ಕದಲ್ಲಿ ನಿಂತಿದ್ದಾಗ ಮೊದಲ ಸಲ ಅನ್ನಿಸಿತು. ಬಂದವನಿಗೆ ಕೂರಲು ಬರಬೇಕು.

ಗ್ರಾದಾ


ಕಿಕಿಂದಾ
ಡಿಸೆಂಬರ್ 20, ಸಂಜೆ

ಗ್ರಾದಾ,

ಸಲಹೆ ಒಪ್ಪಿಗೆಯಾಗಿದೆ. ತಂಡವನ್ನು ಕೇಳಲು ಹೋಗಲಿಲ್ಲ, ಸೇರ್ಪಡೆಯಾಗಿ ಬರೆದೆ. ಮಧ್ಯಾಹ್ನದಿಂದ ಎದ್ದಿಲ್ಲ, ಅತ್ತೆ ಊಟವನ್ನು ಕೀಬೋರ್ಡಿನ ಪಕ್ಕಕ್ಕೇ ತಂದಿಟ್ಟು ಬೈದು ಹೋದರು.

ಇವತ್ತು ಸ್ಲಾವಾದ ಎರಡನೇ ದಿನ. ನಿನ್ನೆ ಬಾರದವರು, ಬಂದು ಸಾಲದವರು ಇವತ್ತೂ ಬರುತ್ತಾರೆ. ಮೇಜಿನ ಬಲಗಡೆ ಒಂದು ಕುರ್ಚಿ ಇದೆ.

ಝಿವಾ ಆಗಲೇ ಆಟದೊಳಗೆ ಹೋಗಿ ಕುರ್ಚಿಯ ಪಕ್ಕದಲ್ಲಿ ನಿಂತಿದ್ದಾರೆ. ಕಾಫಿಗೆ ಕರೆದರೂ ಬರುತ್ತಿಲ್ಲ. “ಅವನು ಕೂತ್ಮೇಲೆ ಬರ್ತೀನಿ” ಎನ್ನುತ್ತಾರೆ.

ವಿದಾ